ತವರಿಗೆ ಹೋದ ಬಸುರಿ ಯಾರ ಲೆಕ್ಕದಲ್ಲಿ? ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ರಾಜ್ಯದ ಆರೋಗ್ಯ ಸಚಿವರಿಗೆ ಮತ್ತು ಆರೋಗ್ಯ, ಕುಟುಂಬ ಕಲ್ಯಾಣ ಇಲಾಖೆಯ ಆಯುಕ್ತರಿಗೆ,

ನಮಸ್ಕಾರ.

ತುಂಗಭದ್ರೆ ದಂಡೆಯ ಹಳ್ಳಿಗಳಲ್ಲಿ ಎಎನ್‌ಎಂ ಆಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಇರುವ ಈ ನರ್ಸ್ ಹುದ್ದೆಗೆ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎಂಬ ಹೆಸರಿದೆ. ಊರವರ ಬಾಯಲ್ಲಿ ಮಾತ್ರ ನಾವು ಇವತ್ತಿಗೂ ನರ್ಸಮ್ಮನೇ. ಸಂಬಳ, ಬಡ್ತಿ, ವರ್ಗಾವಣೆ ಯಾವುದಕ್ಕೂ ಈ ಪತ್ರ ಬರೆಯುತ್ತಿಲ್ಲ. ನನಗೆ ಒಂದೇ ಒಂದು ಬೇಡಿಕೆ ಇದೆ. ಬಸುರಿ ಹೆಣ್ಣುಮಗಳು ಹೆರಿಗೆಗೆ ತವರಿಗೆ ಹೊರಟಾಗ ಗಂಡನ ಊರಿನ ನರ್ಸ್ ತವರೂರಿನ ನರ್ಸ್‌ಗೆ ಫೋನ್ ಮಾಡಬೇಕು. "ಇವಳು ನಿಮ್ಮ ಕಡೆ ಬರ್ತಿದ್ದಾಳೆ, ಇವಳಿಗೆ ಹೀಗಿದೆ" ಎಂದು ಹೇಳಬೇಕು. ಇದನ್ನು ನೀವು ಕಡ್ಡಾಯ ಮಾಡಬೇಕು. ಹೆರಿಗೆ ಆದ ಮೇಲೆ ಆಸ್ಪತ್ರೆಯಿಂದಲೂ ಇಂಥದ್ದೇ ಒಂದು ಫೋನ್ ಹೋಗಬೇಕು.

ಕೇಳಿದರೆ ಸಣ್ಣ ವಿಷಯ ಅನ್ನಿಸುತ್ತದೆ. ಹಳ್ಳಿಯಲ್ಲಿ ಕೆಲಸ ಮಾಡಿದವರಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತು.

ನಮ್ಮ ಕೆಲಸ ಹೇಗೆ ನಡೆಯುತ್ತದೆ ಅಂತ ಮೊದಲು ಹೇಳುತ್ತೇನೆ. ಹೊಸ ಸೊಸೆ ಬಸುರಿ ಅನ್ನುವ ಸುದ್ದಿ ಆಶಾ ಕಾರ್ಯಕರ್ತೆಗೆ ಬೇಗ ಸಿಗುತ್ತದೆ. 12 ವಾರದ ಒಳಗೆ ಹೆಸರು ಬರೆಸುತ್ತೇವೆ. ತಾಯಿ ಕಾರ್ಡ್ ಕೊಡುತ್ತೇವೆ, ತಾಯಿ ಮಕ್ಕಳ ದಾಖಲೆ ಇಡುವ ಸರ್ಕಾರಿ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಅವಳಿಗೆ ಒಂದು ನಂಬರ್ ಬರುತ್ತದೆ. ಧನುರ್ವಾಯು ತಡೆಯುವ ಟಿಡಿ ಇಂಜೆಕ್ಷನ್ ಹಾಕುತ್ತೇವೆ, ತೂಕ, ಬಿಪಿ, ರಕ್ತ, ಮೂತ್ರ ನೋಡುತ್ತೇವೆ. ಕಬ್ಬಿಣದ ಮಾತ್ರೆ ಬಸುರಲ್ಲಿ 180 ದಿನ, ಬಾಣಂತನದಲ್ಲಿ ಮತ್ತೆ 180 ದಿನ. ಪ್ರತಿ ತಿಂಗಳು 9ನೇ ತಾರೀಕು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ದಿನ, ಅವತ್ತು ಡಾಕ್ಟರು ನೋಡುತ್ತಾರೆ. ಅಪಾಯ ಇದ್ದವರನ್ನು ಬೇರೆ ಪಟ್ಟಿ ಮಾಡುತ್ತಾರೆ. ಇಷ್ಟರ ಮಟ್ಟಿಗೆ ವ್ಯವಸ್ಥೆ ಚೆನ್ನಾಗಿಯೇ ಇದೆ. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಹೋಲಿಸಿದರೆ ತುಂಬಾ ಸುಧಾರಿಸಿದೆ.

ಆಮೇಲೆ ಕುಬುಸ ಬರುತ್ತದೆ. ಏಳನೇ ತಿಂಗಳಿಗೋ ಒಂಬತ್ತನೇ ತಿಂಗಳಿಗೋ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಅಪ್ಪ ಅವ್ವ ಬಂದು ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅನ್ನುವುದು ನಮ್ಮ ಪದ್ಧತಿ. ಬಾಣಂತನ ಮೂರು ತಿಂಗಳೋ ಐದು ತಿಂಗಳೋ ಅಲ್ಲೇ. ಈ ಪದ್ಧತಿಯನ್ನು ನಾನು ಬೈಯುವುದಿಲ್ಲ. ಅತ್ತೆ ಮನೆಯಲ್ಲಿ ಸಿಗದ ವಿಶ್ರಾಂತಿ ತವರಲ್ಲಿ ಸಿಗುತ್ತದೆ. ರಾತ್ರಿ ಮಗು ಅತ್ತರೆ ಎದ್ದು ಎತ್ತಿಕೊಳ್ಳಲು ಅವ್ವ ಇರುತ್ತಾಳೆ. ಅಳು ಬಂದರೆ ಅಳಬಹುದು. ಇದೆಲ್ಲ ತಾಯಿಗೂ ಒಳ್ಳೆಯದು, ಮಗುವಿಗೂ ಒಳ್ಳೆಯದು.

ಆದರೆ ಬಸುರಿನ ಕಾಲ ನೋಡಿ. ಬಸುರಿನಿಂದ ಬರುವ ಬಿಪಿ ಸಾಮಾನ್ಯವಾಗಿ 20 ವಾರದ ಮೇಲೆ ಏರುತ್ತದೆ, ಕೊನೆಯ ಮೂರು ತಿಂಗಳಲ್ಲಿ ಇನ್ನೂ ಜಾಸ್ತಿ. ಮಗು ಮೈ ತುಂಬಿಕೊಳ್ಳುವುದು ಕೊನೆಯ ತಿಂಗಳುಗಳಲ್ಲಿ. ರಕ್ತ ಕಡಿಮೆ ಇದ್ದರೆ ಅದರ ಬೆಲೆ ಕಟ್ಟಬೇಕಾಗಿ ಬರುವುದು ಹೆರಿಗೆ ಹೊತ್ತಿಗೆ. ಹೆರಿಗೆ ನಂತರದ ರಕ್ತಸ್ರಾವ ಮೊದಲ 24 ಗಂಟೆಯ ಗಂಡಾಂತರ. ನಂಜು ಏರುವುದು ಆಮೇಲಿನ ದಿನಗಳಲ್ಲಿ. ಇನ್ನು ಹಸುಗೂಸುಗಳ ವಿಷಯಕ್ಕೆ ಬಂದರೆ, ಹುಟ್ಟಿದ 28 ದಿನದೊಳಗೆ ಸಾಯುವ ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಪಾಲು ಮೊದಲ ವಾರದಲ್ಲೇ ಸಾಯುತ್ತವೆ. ಇಷ್ಟೂ ಅಪಾಯ ಬರುವುದು ಅವಳು ತವರಲ್ಲಿ ಇರುವಾಗ. ಅವಳ ದಾಖಲೆ ಇರುವುದು ಗಂಡನ ಊರಿನ ಉಪಕೇಂದ್ರದಲ್ಲಿ.

ಒಂದು ಮನೆಯ ಕತೆ ಹೇಳುತ್ತೇನೆ. ಹೆಸರು, ಊರು ಬೇಡ.

ಪಕ್ಕದ ಜಿಲ್ಲೆಗೆ ಮದುವೆಯಾಗಿ ಹೋದ ಹುಡುಗಿ. ನಮ್ಮೂರಿಗೆ ಬಂದಾಗ ಎಂಟು ತಿಂಗಳು ತುಂಬಿತ್ತು. ಬಂದ ವಿಷಯ ನನಗೆ ಯಾರೂ ಹೇಳಲಿಲ್ಲ. ಅಂಗನವಾಡಿಯಲ್ಲಿ ಲಸಿಕೆ ದಿನ ಕೂತಿದ್ದಾಗ ಅವಳ ಅವ್ವನೇ ಬಂದು "ಮಗಳಿಗೆ ಯಾಕೋ ಮೆಟ್ಟಿಲು ಹತ್ತಿದರೆ ಏದುಸಿರು" ಎಂದಳು. ಮನೆಗೆ ಹೋದೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳುಪು. ಉಗುರಿನಲ್ಲಿ ಬಣ್ಣವೇ ಇಲ್ಲ. ತಾಯಿ ಕಾರ್ಡ್ ಕೇಳಿದೆ. "ಅತ್ತೆ ಟ್ರಂಕಿನಲ್ಲಿ ಇಟ್ಟಿದ್ದಾರೆ, ಕಳೆದುಹೋದರೆ ದುಡ್ಡು ಬರೋದಿಲ್ಲ ಅಂತ" ಎಂದಳು. ಮಾತ್ರೆ? ಅವೂ ಅಲ್ಲೇ ಉಳಿದಿದ್ದವು. ಅವಳ ಗಂಡನಿಗೆ ಫೋನ್ ಮಾಡಿ ಕಾರ್ಡಿನ ಫೋಟೋ ತರಿಸಿಕೊಂಡೆ. ಎರಡು ತಿಂಗಳ ಹಿಂದೆಯೇ ಹಿಮೋಗ್ಲೋಬಿನ್ ಎಂಟರ ಆಸುಪಾಸಿನಲ್ಲಿತ್ತು. ಕೆಂಪು ಇಂಕಿನಲ್ಲಿ ಗುರುತು ಹಾಕಿದ್ದರು. ಅಂದರೆ ಅಲ್ಲಿನ ನರ್ಸ್ ತನ್ನ ಕೆಲಸ ಸರಿಯಾಗಿಯೇ ಮಾಡಿದ್ದಳು. ಗುರುತು ಹಾಕಿದ ಕಾರ್ಡ್ ಒಂದು ಊರಿನ ಟ್ರಂಕಿನಲ್ಲಿ, ಏದುಸಿರು ಬಿಡುವ ಹುಡುಗಿ ಇನ್ನೊಂದು ಊರಿನಲ್ಲಿ. ಮರುದಿನವೇ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆವು. ರಕ್ತನಾಳಕ್ಕೆ ಕಬ್ಬಿಣದ ಇಂಜೆಕ್ಷನ್ ಕೊಡಿಸಲು ಅಷ್ಟಿಷ್ಟು ದಿನ ಸಿಕ್ಕಿತು.

ಅವಳಿಗೆ ಹೆರಿಗೆ ಆದದ್ದು ದೂರದ ದೊಡ್ಡ ಆಸ್ಪತ್ರೆಯಲ್ಲಿ. ಮಗು ಎರಡು ಕೆಜಿಗಿಂತ ಕಡಿಮೆ. ಬಿಡುಗಡೆ ಚೀಟಿಯಲ್ಲಿ ಬರೆದ ವಿಳಾಸ ಆಧಾರ್ ಕಾರ್ಡಿನ ವಿಳಾಸ, ಅಂದರೆ ಗಂಡನ ಊರು. ಹಾಗಾಗಿ ಅವಳು ಮನೆಗೆ ಬಂದದ್ದು ನಮ್ಮ ಆಶಾಗೆ ಗೊತ್ತಾಗಲಿಲ್ಲ. ಆ ಕಡೆಯ ಆಶಾ "ಅವಳು ತವರಲ್ಲಿದ್ದಾಳೆ, ಅಲ್ಲಿಯವರು ನೋಡುತ್ತಾರೆ" ಅಂದುಕೊಂಡಿದ್ದಳು. ಮಗು ಹುಟ್ಟಿ ಒಂದು ವಾರ ದಾಟಿದ ಮೇಲೆ, ಪಕ್ಕದ ಮನೆಗೆ ಹೋಗಿದ್ದ ನಮ್ಮ ಆಶಾ ಕೂಸಿನ ಅಳು ಕೇಳಿ ಒಳಗೆ ಹೋದಳು. ಅಳು ಬೆಕ್ಕಿನ ಮರಿಯದ್ದರಷ್ಟು ಸಣ್ಣಗಿತ್ತಂತೆ. ಅಂಗೈ ಹಿಂಭಾಗ ಇಟ್ಟು ಪಾದ ಮುಟ್ಟಿದಳು, ತಣ್ಣಗೆ. ಹೊಟ್ಟೆ ಮುಟ್ಟಿದಳು, ಅದೂ ತಣ್ಣಗೆ. ಪಾದ ಮಾತ್ರ ತಣ್ಣಗಿದ್ದರೆ ಮಗುವಿಗೆ ಚಳಿ ತಾಗಿದೆ ಎಂದು ಅರ್ಥ. ಹೊಟ್ಟೆಯೂ ತಣ್ಣಗಿದ್ದರೆ ಒಂದು ಗಂಟೆಯೂ ಕಾಯುವ ಹಾಗಿಲ್ಲ. ಮೊಲೆ ಬಾಯಿಗಿಟ್ಟರೆ ಚೀಪುತ್ತಿರಲಿಲ್ಲ. ಅಜ್ಜಿಯ ರವಿಕೆ ಬಿಚ್ಚಿಸಿ, ಮಗುವನ್ನು ಬರಿ ಎದೆಗೆ ಒತ್ತಿ ಇಟ್ಟು, ಮೇಲೆ ಕಂಬಳಿ ಹೊದಿಸಿ, ಆಂಬುಲೆನ್ಸ್‌ನಲ್ಲಿ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕಕ್ಕೆ ಕಳಿಸಿದೆವು. ಮಗು ಉಳಿಯಿತು. ಈಗ ಶಾಲೆಗೆ ಹೋಗುತ್ತಿದೆ.

ಪಕ್ಕದ ಮನೆಗೆ ಬೇರೆ ಕೆಲಸಕ್ಕೆ ಹೋಗಿದ್ದರಿಂದ ಉಳಿದ ಮಗು ಅದು. ಅಲ್ಲಿ ಕೆಲಸ ಇಲ್ಲದಿದ್ದರೆ?

ಸ್ವಾಮಿ, ನಿಯಮ ಪುಸ್ತಕದಲ್ಲಿ ಇದೆಲ್ಲಕ್ಕೂ ಉತ್ತರ ಇದೆ. 2011ರಿಂದ ದೇಶದಲ್ಲಿ ಎಚ್‌ಬಿಎನ್‌ಸಿ, ಅಂದರೆ ಮನೆಯಲ್ಲೇ ನವಜಾತ ಶಿಶು ಆರೈಕೆ ಕಾರ್ಯಕ್ರಮ ನಡೆಯುತ್ತಿದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಆಶಾ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಮನೆಯಲ್ಲೇ ಹೆರಿಗೆ ಆಗಿದ್ದರೆ ಮೊದಲ ದಿನವೂ ಹೋಗಬೇಕು. ಇದರ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಅವರೇ ಮನೆಮನೆಗೆ ಹೋಗಿ ಕೂಸುಗಳನ್ನು ನೋಡುವ ಹಾಗೆ ಮಾಡಿದರು. 39 ಹಳ್ಳಿಗಳಲ್ಲಿ ನಡೆದ ಆ ಕೆಲಸದ ಫಲಿತಾಂಶ 1999ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹಸುಗೂಸುಗಳ ಸಾವು ಶೇ. 62ರಷ್ಟು ಇಳಿದಿತ್ತು. ದೊಡ್ಡ ಯಂತ್ರ ಇರಲಿಲ್ಲ. ಇದ್ದದ್ದು ತೂಕದ ಜೋಳಿಗೆ, ಥರ್ಮಾಮೀಟರ್, ಗಡಿಯಾರ, ಕೆಲವು ಔಷಧಿ, ತರಬೇತಾದ ಕೈಗಳು. ಸರಿಯಾದ ದಿನ ಸರಿಯಾದ ಮನೆಗೆ ಹೋಗುವುದೇ ಅಲ್ಲಿನ ಗುಟ್ಟು.

ಮನೆಗೆ ಹೋಗಿ ನಾವು ಮಾಡುವುದು ಏನು ಅಂತ ನಗರದ ಓದುಗರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಬಾಗಿಲಲ್ಲೇ ಕೈ ತೊಳೆಯುತ್ತೇವೆ. ಬಾಣಂತಿ ಕೋಣೆ ಬಹಳ ಕಡೆ ಕತ್ತಲು. ಕಿಟಕಿ ಮುಚ್ಚಿರುತ್ತಾರೆ, ಕಿವಿಗೆ ಹತ್ತಿ, ಮೂಲೆಯಲ್ಲಿ ಕೆಂಡದ ಮೇಲೆ ಲೋಬಾನ. ಮಗುವಿನ ಕಣ್ಣು, ಚರ್ಮ ಹಳದಿಯಾಗಿದೆಯಾ ಅಂತ ನೋಡಲು ಮೊದಲು ಕಿಟಕಿ ತೆಗೆಸಬೇಕು. ಅದಕ್ಕೆ ಅಜ್ಜಿಯ ಜೊತೆ ಐದು ನಿಮಿಷ ಮಾತಾಡಬೇಕು. ಆಮೇಲೆ ಮಗುವಿನ ಬಟ್ಟೆ ಸರಿಸಿ, ಹೊಟ್ಟೆ ಏರಿಳಿಯುವುದನ್ನು ನೋಡುತ್ತಾ ಒಂದು ನಿಮಿಷ ಪೂರ್ತಿ ಉಸಿರು ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಆಗುವುದಿಲ್ಲ, ಹಸುಗೂಸಿನ ಉಸಿರು ಒಂದೇ ಸಮ ಇರುವುದಿಲ್ಲ. 60 ಅಥವಾ ಜಾಸ್ತಿ ಬಂದರೆ ಮತ್ತೊಮ್ಮೆ ಎಣಿಸಬೇಕು. ಆಗಲೂ 60 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಆಸ್ಪತ್ರೆ. ಎದೆಗೂಡು ಒಳಗೆ ಸೆಳೆದರೂ ಆಸ್ಪತ್ರೆ. ಹೊಕ್ಕುಳು ಕೆಂಪಗಿದೆಯಾ, ಕೀವು ಇದೆಯಾ, ಮೇಲೆ ಬೂದಿ ಅರಿಶಿನ ಹಚ್ಚಿದ್ದಾರಾ ನೋಡಬೇಕು. ಹಾಲು ಕುಡಿಯುವುದನ್ನು ಕೂತು ನೋಡಬೇಕು. "ಕುಡಿತದೆ" ಅನ್ನುವ ಮಾತು ಸಾಲದು. ತಾಯಿಯ ಬಿಪಿ ನೋಡಬೇಕು, ಜ್ವರ ನೋಡಬೇಕು, ಬಟ್ಟೆ ಎಷ್ಟು ಬದಲಿಸುತ್ತಿದ್ದಾಳೆ, ಹೋಗುತ್ತಿರುವುದಕ್ಕೆ ವಾಸನೆ ಇದೆಯಾ ಅಂತ ಕೇಳಬೇಕು. ಗಂಡಸರನ್ನು ಹೊರಗೆ ಕಳಿಸಿದ ಮೇಲೆ ಕೇಳಬೇಕು. ನಿದ್ದೆ ಬರುತ್ತಿದೆಯಾ, ಮನಸ್ಸು ಹೇಗಿದೆ ಅಂತಲೂ ಕೇಳಬೇಕು. ಈ ಕೊನೆಯ ಪ್ರಶ್ನೆಗೆ ಎಷ್ಟೋ ಹುಡುಗಿಯರು ಉತ್ತರ ಕೊಡದೆ ಸುಮ್ನೆ ಅತ್ತುಬಿಡುತ್ತಾರೆ.

ಅಜ್ಜಿಯರ ಆರೈಕೆಯಲ್ಲಿ ಬಿಡಬೇಕಾದದ್ದೂ ಇದೆ. ಬಾಣಂತಿಗೆ ನೀರು ಕಡಿಮೆ ಕೊಡುವುದು, ಸೊಪ್ಪು ತರಕಾರಿ ಬೇಡ ಅನ್ನುವುದು, ಕೂಸಿಗೆ ಜೇನುತುಪ್ಪ ನೆಕ್ಕಿಸುವುದು, ಬಜೆ ತೇಯ್ದು ಕುಡಿಸುವುದು, ಕಿವಿ ಮೂಗಿಗೆ ಎಣ್ಣೆ ಬಿಡುವುದು, ಹುಟ್ಟಿದ ದಿನವೇ ಎರೆಯುವುದು. ಎಲ್ಲಕ್ಕಿಂತ ಕೆಟ್ಟದ್ದು, ಕಾಮಾಲೆಗೆ ಅಂತ ಕೂಸಿನ ಹೊಟ್ಟೆಗೆ ಬರೆ ಹಾಕುವುದು. ಇವನ್ನು ನಿಲ್ಲಿಸಲು ಗೋಡೆ ಬರಹ ಸಾಲದು. ಪರಿಚಯದ ನರ್ಸ್ ಮೂರನೇ ದಿನ ಆ ಕೋಣೆಯಲ್ಲಿ ಕೂತಿರಬೇಕು. ಮೊದಲ ಸಲ ಮುಖ ನೋಡಿದವಳ ಮಾತನ್ನು ಯಾವ ಅಜ್ಜಿಯೂ ಕೇಳುವುದಿಲ್ಲ. ಅದಕ್ಕೇ ಹೆರಿಗೆಗೆ ಮುಂಚೆಯೇ, ಹುಡುಗಿ ತವರಿಗೆ ಬಂದ ವಾರದಲ್ಲೇ ನಾವು ಅಲ್ಲಿಗೆ ಹೋಗಿರಬೇಕು.

ನಮ್ಮ ರಾಜ್ಯದ ಅಂಕಿಗಳನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದೆ. ಇದು ಹೆಮ್ಮೆಯ ವಿಷಯ. ಇದಕ್ಕಾಗಿ ಆಶಾಗಳು, ನರ್ಸುಗಳು ರಾತ್ರಿ ಹಗಲು ಓಡಾಡಿದ್ದಾರೆ. ಆದರೆ ಅದೇ ಸಮೀಕ್ಷೆಯಲ್ಲಿ ಬಸುರಿಯರಲ್ಲಿ ಶೇ. 45.7ರಷ್ಟು ಮಂದಿಗೆ ರಕ್ತಹೀನತೆ. ಜನನ ಮರಣಗಳ ಲೆಕ್ಕ ಹಿಡಿಯುವ ಕೇಂದ್ರ ಸರ್ಕಾರದ 2018-20ರ ಎಸ್‌ಆರ್‌ಎಸ್ ವರದಿಯಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ನಮ್ಮಲ್ಲಿ 69 ತಾಯಂದಿರು ಸತ್ತಿದ್ದರು. ಕೇರಳದಲ್ಲಿ 19, ತಮಿಳುನಾಡಿನಲ್ಲಿ 54. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಜಾಸ್ತಿ. ಆಮೇಲಿನ ವರದಿಯಲ್ಲಿ ನಮ್ಮ ಸಂಖ್ಯೆ ಇಳಿದಿತ್ತು ನಿಜ. ಅಕ್ಕಪಕ್ಕದವರಷ್ಟು ಇಳಿಸಬೇಕಾದರೆ ಆಸ್ಪತ್ರೆ ಬಾಗಿಲ ಆಚೆಗೂ ನೋಡಬೇಕು.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ಇಡೀ ರಾಜ್ಯ ಮಾತಾಡಿತು. ರಕ್ತನಾಳಕ್ಕೆ ಹಾಕುವ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಾಟಲಿಗಳ ಗುಣಮಟ್ಟದ ಮೇಲೆ ತನಿಖೆ ಆಯಿತು, ಆಗಲೇಬೇಕಿತ್ತು. ಆಸ್ಪತ್ರೆಯೊಳಗೆ ಒಟ್ಟಿಗೆ ಆದ ಸಾವು ಎಲ್ಲರ ಕಣ್ಣಿಗೆ ಬೀಳುತ್ತದೆ. ಒಂದು ಹಳ್ಳಿಯಲ್ಲಿ ಹತ್ತನೇ ದಿನ ಜ್ವರ ಬಂದು ಹೋದ ಬಾಣಂತಿ, ಇನ್ನೊಂದು ಹಳ್ಳಿಯಲ್ಲಿ ಐದನೇ ದಿನ ತಣ್ಣಗಾದ ಕೂಸು, ಇವರ ಸಾವು ಒಂದೊಂದಾಗಿ ಆಗುತ್ತದೆ. ಪತ್ರಿಕೆಗೆ ಬರುವುದಿಲ್ಲ. ತಾಯಿ ಸತ್ತ ಮೇಲೆ ಮರಣ ಪರಿಶೋಧನೆ ಸಭೆ ನಡೆಯುತ್ತದೆ. ನಾನು ಕೂತ ಸಭೆಗಳಲ್ಲಿ ಗಂಡನ ಊರಿನವರು "ನಮ್ಮಲ್ಲಿ ಇರಲಿಲ್ಲ" ಅನ್ನುತ್ತಿದ್ದರು. ತವರೂರಿನವರು "ನಮ್ಮಲ್ಲಿ ನೋಂದಣಿ ಆಗಿಲ್ಲ" ಅನ್ನುತ್ತಿದ್ದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಹಾಗಾದರೆ ಫೋನ್ ಯಾಕೆ ಹೋಗುವುದಿಲ್ಲ? ಕಾರಣಗಳಿವೆ, ಅವೂ ನಿಮ್ಮ ಕೈಯಲ್ಲೇ ಇವೆ.

ಮೊದಲನೆಯದು ಗುರಿ. ಒಬ್ಬ ಬಸುರಿಯನ್ನು ನೋಂದಾಯಿಸಿದ ಮೇಲೆ ಅವಳ ಹೆರಿಗೆಯನ್ನೂ ತೋರಿಸಬೇಕು ಅನ್ನುವ ಒತ್ತಡ ನಮ್ಮ ಮೇಲಿರುತ್ತದೆ. ತಿಂಗಳ ಸಭೆಯಲ್ಲಿ ನೋಂದಣಿ ಇಷ್ಟು, ಹೆರಿಗೆ ಇಷ್ಟು ಯಾಕೆ, ಉಳಿದವರು ಎಲ್ಲಿ ಅಂತ ಎಲ್ಲರ ಎದುರು ಕೇಳುತ್ತಾರೆ. ತವರಿಗೆ ಹೋದವಳು ನಮ್ಮ ಪಟ್ಟಿಯಲ್ಲಿ ಕೊರತೆಯಾಗಿ ಕಾಣುತ್ತಾಳೆ. ಹಾಗಾಗಿ ಅವಳನ್ನು ಬಿಟ್ಟುಕೊಡಲು ಕೈ ಬರುವುದಿಲ್ಲ. ಫೋನಿನಲ್ಲಿ ಹೆರಿಗೆ ತಾರೀಕು, ಮಗುವಿನ ತೂಕ ಕೇಳಿಕೊಂಡು ಕಾಲಂ ತುಂಬಿಸುತ್ತಾರೆ. ಕಂಪ್ಯೂಟರಿನಲ್ಲಿ ಎಲ್ಲ ಪೂರ್ತಿ ಕಾಣುತ್ತದೆ, ಮಗುವನ್ನು ಮಾತ್ರ ಯಾರೂ ಮುಟ್ಟಿ ನೋಡಿರುವುದಿಲ್ಲ.

ಎರಡನೆಯದು ಆಶಾಗಳ ಪ್ರೋತ್ಸಾಹಧನ. ಬಸುರಲ್ಲಿ ನೋಡಿಕೊಂಡದ್ದಕ್ಕೆ ಒಂದು ಭಾಗ, ಹೆರಿಗೆಗೆ ಜೊತೆ ಹೋದದ್ದಕ್ಕೆ ಒಂದು ಭಾಗ, ಹೆರಿಗೆ ನಂತರ ಮನೆ ಭೇಟಿ ಪೂರ್ತಿ ಮಾಡಿದ್ದಕ್ಕೆ 250 ರೂಪಾಯಿ. ಹುಡುಗಿ ಎರಡು ಊರಿಗೆ ಸೇರಿದವಳಾದರೆ ಯಾರ ಫಾರಂ ಒಪ್ಪುತ್ತಾರೆ ಅನ್ನುವುದೇ ದೊಡ್ಡ ರಗಳೆ. ಆರು ಸಲ ನಡೆದು ಹೋಗಿ, ಕೊನೆಗೆ "ಇವಳು ನಿಮ್ಮ ಪಟ್ಟಿಯಲ್ಲಿ ಇಲ್ಲ" ಅನ್ನಿಸಿಕೊಂಡ ಆಶಾಗಳನ್ನು ನೋಡಿದ್ದೇನೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಆಶಾಗಳು ತಿಂಗಳಿಗೆ ಇಂತಿಷ್ಟು ಗೌರವಧನ ಖಾತ್ರಿ ಮಾಡಿ ಅಂತ ಹಗಲು ರಾತ್ರಿ ಕೂತರು. ಅವರ ಸಿಟ್ಟಿನ ಹಿಂದೆ ಇಂಥ ನಡೆದ, ದುಡ್ಡು ಬಾರದ ಭೇಟಿಗಳೂ ಇವೆ.

ಮೂರನೆಯದು ತುಂಬಾ ಸರಳ. ಇನ್ನೊಂದು ಜಿಲ್ಲೆಯ ಯಾವ ಹಳ್ಳಿ ಯಾವ ಉಪಕೇಂದ್ರಕ್ಕೆ ಸೇರುತ್ತದೆ, ಅಲ್ಲಿನ ನರ್ಸ್ ನಂಬರ್ ಏನು ಅಂತ ನಮಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಅದು ಆ ನರ್ಸಿನ ಸ್ವಂತ ನಂಬರ್. ಅವಳಿಗೆ ವರ್ಗ ಆದರೆ ಮುಗಿಯಿತು.

ಇದರ ಮೇಲೆ ಕೆಲಸದ ಹೊರೆ. ಬಯಲು ಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಅನ್ನುವುದು ನಿಯಮ. ಹುದ್ದೆ ಖಾಲಿ ಬಿದ್ದಾಗ ಒಬ್ಬಳೇ ಎರಡು ಉಪಕೇಂದ್ರ ನೋಡಬೇಕಾಗುತ್ತದೆ. ಇದಕ್ಕೆ ಹಳೆಯ ಇತಿಹಾಸವೂ ಇದೆ. ಎಎನ್‌ಎಂ ಅಂದರೆ ಮೊದಲಿಗೆ ತಾಯಿ ಮಗುವನ್ನು ನೋಡುವ ಸೂಲಗಿತ್ತಿ ನರ್ಸ್. 1973ರ ಕರ್ತಾರ್ ಸಿಂಗ್ ಸಮಿತಿ ವರದಿಯ ನಂತರ ನಮ್ಮನ್ನು ಬಹುಪಯೋಗಿ ಕಾರ್ಯಕರ್ತೆಯರನ್ನಾಗಿ ಮಾಡಿದರು. ಮಲೇರಿಯಾ, ಕುಟುಂಬ ಯೋಜನೆ, ಲಸಿಕೆ, ಕ್ಷಯ, ಈಗ ಸಕ್ಕರೆ ಕಾಯಿಲೆ ತಪಾಸಣೆ, ಎಲ್ಲ ಸೇರಿತು. ಯಾವುದೂ ಬೇಡದ ಕೆಲಸ ಅಂತ ನಾನು ಹೇಳುವುದಿಲ್ಲ. ಆದರೆ ಬಸುರಿ ಮನೆಗೆ ಹೋಗಿ ಕೂರುವ ಹೊತ್ತು ಕಡಿಮೆಯಾಗುತ್ತಾ ಬಂತು, ರಿಜಿಸ್ಟರ್ ಮತ್ತು ಟ್ಯಾಬ್ ಮುಂದೆ ಕೂರುವ ಹೊತ್ತು ಜಾಸ್ತಿಯಾಯಿತು. ನನ್ನ ಕೇಳಿದರೆ ನಾವು ಕಳೆದುಕೊಂಡದ್ದರಲ್ಲಿ ಇದೇ ದೊಡ್ಡದು.

ತವರಿಗೆ ಹೋಗುವವರಾದರೂ ಬರುವ ದಿನ ಹೇಳಿ ಬರುತ್ತಾರೆ. ಗುಳೆ ಹೋಗುವವರ ಕತೆ ಇನ್ನೂ ಕಷ್ಟ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿ ಇರುವ ಬಸುರಿಯ ತಾಯಿ ಕಾರ್ಡ್ ಊರಲ್ಲಿ, ಅವಳು ಹೊಸ ಅಪಾರ್ಟ್‌ಮೆಂಟಿನ ನೆರಳಲ್ಲಿ. ಅಲ್ಲಿ ಅವಳನ್ನು ಹುಡುಕಿಕೊಂಡು ಯಾವ ನರ್ಸ್ ಹೋಗಬೇಕು? ಗಡಿ ಜಿಲ್ಲೆಗಳಲ್ಲಿ ತವರು ಬೇರೆ ರಾಜ್ಯದಲ್ಲೇ ಇರುತ್ತದೆ. ವಿಜಯಪುರಕ್ಕೆ ಕೊಟ್ಟ ಹುಡುಗಿಯ ಅವ್ವ ಸೊಲ್ಲಾಪುರದ ಕಡೆ, ಬಳ್ಳಾರಿಗೆ ಕೊಟ್ಟವಳ ತವರು ಅನಂತಪುರದ ಕಡೆ. ಆರ್‌ಸಿಎಚ್ ನಂಬರ್ ಇಡೀ ದೇಶಕ್ಕೆ ಇದೆ. ಆ ನಂಬರ್ ಹಿಡಿದುಕೊಂಡು ಒಬ್ಬ ಮನುಷ್ಯಳು ಇನ್ನೊಬ್ಬ ಮನುಷ್ಯಳಿಗೆ ಹೇಳುವ ಏರ್ಪಾಡು ಆಗಬೇಕಾಗಿದೆ.

ಇದು ಆಗದ ಮಾತೇನಲ್ಲ. ಶ್ರೀಲಂಕಾ ನೋಡಿ. 1926ರಲ್ಲಿ ಕಳುತರದಲ್ಲಿ ಮೊದಲ ಆರೋಗ್ಯ ಘಟಕ ಶುರುವಾದಾಗಿನಿಂದ ಅಲ್ಲಿ ಸರ್ಕಾರಿ ಸೂಲಗಿತ್ತಿ ನರ್ಸ್ ಆದ ಪಬ್ಲಿಕ್ ಹೆಲ್ತ್ ಮಿಡ್‌ವೈಫ್ ಮನೆಮನೆಗೆ ಹೋಗುವ ಪದ್ಧತಿ ಬೆಳೆದುಬಂದಿದೆ. ಬಸುರಿ ಯಾರು, ಬಾಣಂತಿ ಯಾರು ಅಂತ ಅವಳಿಗೆ ಗೊತ್ತಿರುತ್ತದೆ. ಹೆರಿಗೆ ಆದ ಮೇಲೆ ಆಸ್ಪತ್ರೆಯಿಂದ ಆ ಪ್ರದೇಶದ ಆರೋಗ್ಯ ಕಚೇರಿಗೆ, ಮಿಡ್‌ವೈಫ್‌ಗೆ ಸುದ್ದಿ ಹೋಗುತ್ತದೆ. ಆ ದೇಶ ಇನ್ನೂ ಶ್ರೀಮಂತವೇನೂ ಅಲ್ಲದಿದ್ದ ಕಾಲದಲ್ಲೇ ಅವರು ತಾಯಂದಿರ ಸಾವನ್ನು ಎಷ್ಟೋ ಇಳಿಸಿದರು. ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಕಡಿಮೆ ತೂಕದ ಮಕ್ಕಳನ್ನು ತಾಯಿಯ ಎದೆಗೆ ಹಚ್ಚಿ ಇಡುವ ಕಾಂಗರೂ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೂ ಮುಂದುವರಿಸುವ ಕೆಲಸ ಸರ್ಕಾರ, ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಸ್ವಯಂಸೇವಾ ಸಂಸ್ಥೆ ಕೆಎಚ್‌ಪಿಟಿ ಸೇರಿ ಮಾಡಿ ತೋರಿಸಿದ್ದಾರೆ. ಆಸ್ಪತ್ರೆಯ ನರ್ಸ್ ಮತ್ತು ಹಳ್ಳಿಯ ಆಶಾ ಒಬ್ಬರಿಗೊಬ್ಬರು ಮಾತಾಡಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ.

ಆದ್ದರಿಂದ ನಾನು ಕೇಳುವುದು ಇಷ್ಟು. ಆರನೇ ತಿಂಗಳ ತಪಾಸಣೆಯಲ್ಲಿ "ಬಾಣಂತನ ಎಲ್ಲಿ?" ಅಂತ ಕೇಳುವುದನ್ನು ಬಿಪಿ ನೋಡಿದಷ್ಟೇ ಕಡ್ಡಾಯ ಮಾಡಿ. ತಾಯಿ ಕಾರ್ಡಿನಲ್ಲಿ ಮತ್ತು ಪೋರ್ಟಲ್‌ನಲ್ಲಿ ತವರಿನ ಊರು, ಅವ್ವನ ಫೋನ್ ನಂಬರ್ ಬರೆಯಲು ಜಾಗ ಕೊಡಿ. ಪ್ರತಿ ಉಪಕೇಂದ್ರಕ್ಕೆ ಇಲಾಖೆಯದೇ ಸಿಮ್ ಕೊಡಿ. ನಂಬರ್ ಹುದ್ದೆಗೆ ಅಂಟಿಕೊಂಡಿರಲಿ, ನರ್ಸ್ ಬದಲಾದರೂ ನಂಬರ್ ಬದಲಾಗದಿರಲಿ. ಹಳ್ಳಿ ಹೆಸರು ಹಾಕಿದರೆ ಆ ನಂಬರ್ ಸಿಗುವಂಥ ಒಂದು ಪಟ್ಟಿ ರಾಜ್ಯಕ್ಕೆಲ್ಲ ಇರಲಿ. ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ ಆಧಾರ್ ವಿಳಾಸದ ಕೆಳಗೆ "ಮುಂದಿನ 42 ದಿನ ಎಲ್ಲಿರುತ್ತಾಳೆ" ಅನ್ನುವ ಸಾಲು ಸೇರಿಸಿ, ಮತ್ತು ಮನೆಗೆ ಕಳಿಸುವ ಮುಂಚೆ ವಾರ್ಡಿನ ನರ್ಸ್ ಆ ಊರಿನ ಉಪಕೇಂದ್ರಕ್ಕೆ ಫೋನ್ ಮಾಡಲಿ. ಖಾಸಗಿ ನರ್ಸಿಂಗ್ ಹೋಂಗಳಿಗೂ ಇದು ಅನ್ವಯಿಸಲಿ, ಅಲ್ಲಿ ಹೆತ್ತವರೂ ನಮ್ಮ ಹಳ್ಳಿಗೇ ವಾಪಸ್ ಬರುತ್ತಾರೆ. ಎರಡೂ ಊರಿನ ಆಶಾಗಳಿಗೆ ಅವರವರು ಮಾಡಿದ ಭೇಟಿಗೆ ತಕ್ಕ ಹಾಗೆ ದುಡ್ಡು ಬರಲಿ. ಗಂಡನ ಊರಿನ ನರ್ಸ್ ಸರಿಯಾಗಿ ಒಪ್ಪಿಸಿ ಕಳಿಸಿದ್ದರೆ ಅದನ್ನು ಪೂರ್ತಿ ಮಾಡಿದ ಕೆಲಸ ಅಂತಲೇ ಲೆಕ್ಕ ಹಿಡಿಯಿರಿ. ಸಭೆಯಲ್ಲಿ ಅವಳನ್ನು ನಿಲ್ಲಿಸಿ ಕೇಳಬೇಡಿ. ಖಾಲಿ ಹುದ್ದೆಗಳನ್ನು ತುಂಬಿ. ಇವೆಲ್ಲಕ್ಕೂ ಹೊಸ ಕಟ್ಟಡ ಬೇಕಿಲ್ಲ, ಹೊಸ ಯಂತ್ರ ಬೇಕಿಲ್ಲ.

ಒಂದು ಮಾತು ಹೆಣ್ಣು ಕೊಟ್ಟವರಿಗೆ, ತಂದುಕೊಂಡವರಿಗೆ ಕೂಡ. ಕುಬುಸದ ಸೀರೆ, ಬಳೆ, ಬುತ್ತಿ ಎಲ್ಲ ನೆನಪಿನಿಂದ ಕಟ್ಟುತ್ತೀರಿ. ಅದೇ ಚೀಲದಲ್ಲಿ ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್, ಉಳಿದ ಮಾತ್ರೆ ಹಾಕಿ. ತವರು ತಲುಪಿದ ವಾರದೊಳಗೆ ಅಲ್ಲಿನ ಆಶಾಗೋ ಅಂಗನವಾಡಿಗೋ ಹೇಳಿ ಕಳಿಸಿ. ತಲೆನೋವು ಬಿಡದೆ ಬಂದರೆ, ಕಣ್ಣು ಮಂಜಾದರೆ, ಮುಖ ಕೈ ಬಾತುಕೊಂಡರೆ, ಮಗು ಮಿಸುಕಾಡುವುದು ಕಡಿಮೆಯಾದರೆ, ರಕ್ತ ಕಂಡರೆ ಬೆಳಗಾಗುವವರೆಗೆ ಕಾಯಬೇಡಿ, ಕೂಡಲೇ 108ಕ್ಕೆ ಫೋನ್ ಮಾಡಿ. ಬಿಪಿ ಏರಿ ಫಿಟ್ಸ್ ಬಂದಾಗ ಮ್ಯಾಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಲು ಎಎನ್‌ಎಂಗೆ ಅನುಮತಿ ಇದೆ. ಅಷ್ಟು ಮಾಡಬೇಕಾದರೂ ನೀವು ಆ ಮನೆಯಲ್ಲಿದ್ದೀರಿ ಅಂತ ಅವಳಿಗೆ ಗೊತ್ತಿರಬೇಕು ಅಲ್ವಾ?

ಇಡೀ ರಾಜ್ಯಕ್ಕೆ ಒಮ್ಮೆಲೇ ಕಷ್ಟ ಅನ್ನಿಸಿದರೆ ಎರಡು ತಾಲ್ಲೂಕುಗಳಲ್ಲಿ ಶುರು ಮಾಡಿ. ಒಂದರಿಂದ ಒಂದಕ್ಕೆ ಹೆಣ್ಣು ಕೊಟ್ಟು ತರುವ ಅಕ್ಕಪಕ್ಕದ ಜಿಲ್ಲೆಗಳ ತಾಲ್ಲೂಕುಗಳಾಗಲಿ. ಉಪಕೇಂದ್ರಗಳ ಹಳ್ಳಿಪಟ್ಟಿ ಮಾಡಲು, ಮೊದಲ ಕೆಲವು ತಿಂಗಳು ಫೋನ್ ಕರೆ ಸರಿಯಾಗಿ ಹೋಗುತ್ತಿದೆಯಾ ಅಂತ ನೋಡಿಕೊಳ್ಳಲು ಕೈ ಬೇಕಾದರೆ, ನಿವೃತ್ತರಾದ ನಮ್ಮಂಥ ನರ್ಸುಗಳು ಪ್ರತಿ ತಾಲ್ಲೂಕಿನಲ್ಲೂ ಇದ್ದೇವೆ. ಯಾವ ಹಳ್ಳಿಗೆ ಯಾವ ದಾರಿ, ಯಾವ ಮನೆಯಲ್ಲಿ ಯಾವ ಅಜ್ಜಿ ಅಂತ ನಮಗೆ ಗೊತ್ತು. ಕರೆಯಿರಿ, ಬರುತ್ತೇವೆ.

ಇಂತಿ,
ನಿವೃತ್ತ ಎಎನ್‌ಎಂ ಒಬ್ಬಳು